ವೆಬ್ ಅಕ್ಸೆಸಿಬಿಲಿಟಿ ಅಂದರೆ ಏನು?

ಕಣ್ಣು ಕಾಣದವರು, ಕಿವಿ ಕೇಳದವರು, ಮೌಸ್ ಹಿಡಿಯಲು ಆಗದವರು, ಉದ್ದುದ್ದ ಬರಹ ಓದಲು ಕಷ್ಟಪಡುವವರು, ಹೀಗೆ ಯಾರೇ ಬಂದರೂ ಇನ್ನೊಬ್ಬರನ್ನು ಕರೆಯದೆ ತಮ್ಮ ಕೆಲಸ ತಾವೇ ಮುಗಿಸಿಕೊಳ್ಳುವಂತೆ ವೆಬ್‌ಸೈಟ್ ಕಟ್ಟುವುದೇ ವೆಬ್ ಅಕ್ಸೆಸಿಬಿಲಿಟಿ.

ಕೇಳಿದ ತಕ್ಷಣ ಇದೇನೋ ದೊಡ್ಡ ಖರ್ಚಿನ, ಬೇರೆಯೇ ಒಂದು ಕೆಲಸ ಅನ್ನಿಸುತ್ತದೆ. ಆದರೆ ಸರಳವಾಗಿ, ಸರಿಯಾಗಿ ಬರೆದ ಎಚ್‌ಟಿಎಂಎಲ್ (ವೆಬ್ ಪುಟ ಕಟ್ಟುವ ಭಾಷೆ) ಪುಟ ಬಹುಪಾಲು ಅಕ್ಸೆಸಿಬಲ್ ಆಗಿಯೇ ಇರುತ್ತದೆ. ಕೆಡಿಸುವವರು ನಾವು.

ಒಂದು ಬಟನ್ನನ್ನೇ ತಗೊಳ್ಳಿ. ಬಟನ್ ಟ್ಯಾಗ್, ಅಂದರೆ ಇದು ಬಟನ್ ಅಂತ ಬ್ರೌಸರ್‌ಗೆ ತಿಳಿಸುವ ಗುರುತು, ಬಳಸಿದರೆ ಟ್ಯಾಬ್ ಕೀ ಒತ್ತುತ್ತಾ ಅಲ್ಲಿಗೆ ಹೋಗಬಹುದು, ಎಂಟರ್ ಅಥವಾ ಸ್ಪೇಸ್ ಒತ್ತಿದರೆ ಅದು ಕೆಲಸ ಮಾಡುತ್ತದೆ, ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಅದನ್ನು ಬಟನ್ ಎಂದೇ ಹೇಳುತ್ತದೆ. ಇದೆಲ್ಲ ಪುಕ್ಕಟೆ. ಅದರ ಬದಲು ಒಂದು ಡಿವ್‌ಗೆ (ಯಾವ ಅರ್ಥವೂ ಇಲ್ಲದ ಬರೀ ಡಬ್ಬಿಯಂಥ ಟ್ಯಾಗ್) ಬಣ್ಣ ಬಳಿದು ಕ್ಲಿಕ್ ಕೋಡ್ ಅಂಟಿಸಿದರೆ ನೋಡಲು ಹಾಗೇ ಇರುತ್ತದೆ, ಆದರೆ ಮೇಲೆ ಹೇಳಿದ ಮೂರೂ ಹೋಯಿತು. ಇದು ಏನು ಅಂತ ಸ್ಕ್ರೀನ್ ರೀಡರ್‌ಗೆ ತಿಳಿಸುವ ಏರಿಯಾ (ARIA) ಅನ್ನುವ ಗುರುತು ಹಾಕಿ ತೇಪೆ ಹಚ್ಚಬಹುದು, ಸ್ಕ್ರೀನ್ ರೀಡರ್ ಆಗ ಬಟನ್ ಅಂತಲೂ ಹೇಳುತ್ತದೆ, ಆದರೆ ಕೀಬೋರ್ಡಿಗೆ ಬೇಕಾದ ಕೋಡ್ ನೀವೇ ಬರೆಯಬೇಕು. ಎಚ್‌ಟಿಎಂಎಲ್‌ನಲ್ಲೇ ಟ್ಯಾಗ್ ಇದ್ದರೆ ಅದನ್ನೇ ಬಳಸಿ ಅನ್ನುವುದು ಏರಿಯಾದ ಮೊದಲ ನಿಯಮ!

ಸ್ಕ್ರೀನ್ ರೀಡರ್ ಬಳಸುವವರು ಪುಟವನ್ನು ಮೇಲಿಂದ ಕೆಳಗೆ ಪೂರ್ತಿ ಕೇಳುತ್ತಾ ಕೂರುವುದಿಲ್ಲ. ಹೆಡಿಂಗ್‌ನಿಂದ ಹೆಡಿಂಗ್‌ಗೆ ಜಿಗಿಯುತ್ತಾರೆ, ಇಲ್ಲವೇ ಲಿಂಕ್‌ಗಳ ಪಟ್ಟಿಯನ್ನಷ್ಟೇ ತೆರೆಯುತ್ತಾರೆ. ಅಕ್ಷರ ದಪ್ಪ ಮಾಡಿದ ಮಾತ್ರಕ್ಕೆ ಹೆಡಿಂಗ್ ಆಗಲ್ಲ, ಹೆಡಿಂಗ್ ಟ್ಯಾಗೇ ಬೇಕು. ಪಟ್ಟಿಯ ತುಂಬ ಬರೀ ‘ಇಲ್ಲಿ ಕ್ಲಿಕ್ ಮಾಡಿ’ ಅಂತಿದ್ದರೆ ಯಾವ ‘ಇಲ್ಲಿ’ ಅಂತ ಗೊತ್ತಾಗೋದು ಹೇಗೆ? ಇನ್ನೊಂದು, ಕನ್ನಡ ಪುಟದ ಕೋಡಿನಲ್ಲಿ ಭಾಷೆ ಇಂಗ್ಲಿಷ್ ಅಂತ ಉಳಿದುಬಿಟ್ಟಿರುತ್ತದೆ, ಟೆಂಪ್ಲೇಟ್‌ನಿಂದ ಬಂದಿದ್ದನ್ನು ಯಾರೂ ಬದಲಾಯಿಸಿರುವುದಿಲ್ಲ. ಆಗ ಸ್ಕ್ರೀನ್ ರೀಡರ್ ಇಂಗ್ಲಿಷ್ ದನಿಯಲ್ಲೇ ಕನ್ನಡ ಓದಲು ಹೋಗಬಹುದು.

ಚಿತ್ರಗಳಿಗೆ ಆಲ್ಟ್ ಟೆಕ್ಸ್ಟ್, ಅಂದರೆ ಚಿತ್ರದ ಬದಲು ಸ್ಕ್ರೀನ್ ರೀಡರ್ ಓದಿ ಹೇಳುವ ಬರಹ, ಕೊಡಬೇಕು ಅಂತ ಎಲ್ಲರಿಗೂ ಗೊತ್ತು, ಏನು ಬರೆಯಬೇಕು ಅನ್ನುವಲ್ಲೇ ಎಡವಟ್ಟು. ಚಿತ್ರ ಅಲ್ಲಿ ಯಾಕಿದೆಯೋ ಅದನ್ನು ಬರೆಯಿರಿ. ಹುಡುಕುವ ಬಟನ್ ಮೇಲೆ ಭೂತಗನ್ನಡಿಯ ಚಿತ್ರವಿದ್ದರೆ ‘ಹುಡುಕಿ’ ಅಂತಿರಬೇಕು, ‘ಭೂತಗನ್ನಡಿ’ ಅಂತಲ್ಲ. ಸುಮ್ನೆ ಅಂದಕ್ಕೆ ಹಾಕಿದ ಚಿತ್ರವಾದರೆ ಆಲ್ಟ್ ಖಾಲಿ ಬಿಡಿ. ಆದರೆ ಆಲ್ಟ್ ಅನ್ನೇ ಕೋಡಿನಿಂದ ತೆಗೆದು ಹಾಕಬೇಡಿ, ತೆಗೆದರೆ ಕೆಲವು ಸ್ಕ್ರೀನ್ ರೀಡರ್‌ಗಳು ಫೈಲಿನ ಹೆಸರನ್ನೇ ಅಕ್ಷರ ಅಂಕಿ ಸಮೇತ ಓದುತ್ತವೆ.

ಇದಕ್ಕೆಲ್ಲ ಬರೆದಿಟ್ಟ ನಿಯಮಗಳೂ ಇವೆ, ಹೆಸರು ಡಬ್ಲ್ಯೂಸಿಎಜಿ (WCAG). ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ ಮೊದಲ ಆವೃತ್ತಿಯನ್ನು 1999ರಲ್ಲಿ ತಂದಿತು, 2.2 ಬಂದಿದ್ದು 2023ರ ಅಕ್ಟೋಬರಿನಲ್ಲಿ. ಎ, ಎಎ, ಎಎಎ ಅಂತ ಮೂರು ಹಂತ, ಸಾಮಾನ್ಯವಾಗಿ ಎಲ್ಲರೂ ಗುರಿ ಇಟ್ಟುಕೊಳ್ಳುವುದು ಎಎ. ಅದರ ಪ್ರಕಾರ ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್, ಅಂದರೆ ಹೊಳಪಿನ ವ್ಯತ್ಯಾಸ, ಕನಿಷ್ಠ 4.5:1 ಇರಬೇಕು, ದೊಡ್ಡ ಅಕ್ಷರಕ್ಕೆ 3:1 ಸಾಕು. ವೆಬ್‌ಏಮ್ ಸಂಸ್ಥೆ ಪ್ರತಿ ವರ್ಷ 10 ಲಕ್ಷ ಮುಖಪುಟಗಳನ್ನು ಪರೀಕ್ಷಿಸುತ್ತದೆ, ಅದರಲ್ಲಿ ಅತಿ ಹೆಚ್ಚು ಸಿಗುವ ತಪ್ಪು ಇದೇ ಮಾಸಲು ಅಕ್ಷರ. ಬಿಳಿ ಮೇಲೆ ತಿಳಿ ಬೂದು ಬಣ್ಣದ ಮೋಹ ಡಿಸೈನರ್‌ಗಳಿಗೆ ಯಾವಾಗ ಬಿಡುತ್ತದೋ!

ಕೈ ಮುರಿದುಕೊಂಡವರಿಗೂ, ಬಿಸಿಲಲ್ಲಿ ಫೋನ್ ನೋಡುವವರಿಗೂ ಇದರಿಂದ ಉಪಯೋಗ ಅನ್ನುವ ವಾದವಿದೆ. ನಿಜ. ಆದರೆ ಕಣ್ಣು ಕಾಣದವರು ತಮ್ಮ ಟಿಕೆಟ್ ತಾವೇ ಬುಕ್ ಮಾಡುವಂತಿರಬೇಕು ಅನ್ನುವುದಕ್ಕೆ ಮಿಕ್ಕವರ ಲಾಭ ಯಾಕೆ ತೋರಿಸಬೇಕೋ ನನಗಂತೂ ಅರ್ಥವಾಗಿಲ್ಲ.

ಒಂದೇ ಸಾಲು ಕೋಡ್ ಹಾಕಿ, ಸೈಟ್ ಅಕ್ಸೆಸಿಬಲ್ ಆಗುತ್ತದೆ ಅಂತ ಓವರ್‌ಲೇ (ಸೈಟಿನ ಮೇಲೆ ಕೂರಿಸುವ ರೆಡಿಮೇಡ್ ಟೂಲ್) ಮಾರುವವರೂ ಇದ್ದಾರೆ. ನಂಬಬೇಡಿ. ಅಕ್ಷರ ದೊಡ್ಡದು ಮಾಡುವ, ಓದಿ ಹೇಳುವ ಸಾಧನಗಳು ಬೇಕಾದವರ ಹತ್ತಿರ ಮೊದಲೇ ಇರುತ್ತವೆ, ಕೆಲವೊಮ್ಮೆ ಓವರ್‌ಲೇ ಅವಕ್ಕೇ ಅಡ್ಡ ಬರುತ್ತದೆ. ತಾನಾಗೇ ಪರೀಕ್ಷಿಸುವ ಟೂಲ್‌ಗಳು ಪರವಾಗಿಲ್ಲ, ಆದರೆ ಆಲ್ಟ್ ಇದೆಯೋ ಇಲ್ಲವೋ ಅಂತ ಹೇಳಬಲ್ಲವು, ಅದು ಸರಿಯಾಗಿದೆಯೋ ಅಂತ ಖಚಿತವಾಗಿ ಹೇಳಲಾರವು.

ಅದಕ್ಕೇ ಮೌಸ್ ಪಕ್ಕಕ್ಕಿಟ್ಟು, ಬರೀ ಕೀಬೋರ್ಡಿನಲ್ಲಿ ನಿಮ್ಮ ಸೈಟಿನ ಒಂದು ಫಾರ್ಮ್ ತುಂಬಿ ನೋಡಿ. ಟ್ಯಾಬ್ ಒತ್ತಿದಾಗ ಎಲ್ಲಿದ್ದೀರಿ ಅಂತ ಗೊತ್ತಾಗುತ್ತಿಲ್ಲವಾದರೆ, ಚೆಂದ ಕಾಣಲ್ಲ ಅಂತ ಯಾರೋ ಸಿಎಸ್ಎಸ್‌ನಲ್ಲಿ (ಪುಟದ ಅಂದಚೆಂದ ನೋಡಿಕೊಳ್ಳುವ ಕೋಡ್) ಔಟ್‌ಲೈನ್, ಅಂದರೆ ನೀವಿರುವ ಜಾಗದ ಸುತ್ತ ಕಾಣುವ ಗೆರೆ, ತೆಗೆದಿರುವ ಸಾಧ್ಯತೆಯೇ ಜಾಸ್ತಿ. ಮೊದಲು ಅದನ್ನು ವಾಪಸ್ ಹಾಕಿ.