ಕುದುರೆ ಕೆನೆದ ಟ್ಯೂನ್ ಯಾರದ್ದು?

ಹಳೇ ಗ್ರಾಮಾಫೋನ್ ಪ್ಲೇಟಿನ ನಡುವೆ ದುಂಡಗಿನ ಕಾಗದ ಅಂಟಿಸಿರುತ್ತಾರಲ್ವಾ? ಅದರಲ್ಲಿ ಹಾಡಿನ ಹೆಸರು, ಕೆಳಗೆ ಕಂಸದೊಳಗೆ ಒಂದೋ ಎರಡೋ ಹೆಸರು. ಟ್ಯೂನ್ ಕಟ್ಟಿದವರು ಇವರೇ ಅಂತ ನಾವು ನಂಬಿಬಿಡುತ್ತೇವೆ. ಅಮೆರಿಕದ ಜಾಝ್ ಸಂಗೀತದ ಶುರುವಿನ ಪ್ಲೇಟುಗಳಲ್ಲಿ ಎಷ್ಟೋ ಸಲ ಆ ಹೆಸರು ಕಟ್ಟಿದವನದ್ದಲ್ಲ, ಕಾಪಿರೈಟಿಗೆ ಅರ್ಜಿ ಹಾಕಿದವನದ್ದು.

ಜಾಝ್‌ನ ಮೊಟ್ಟಮೊದಲ ಪ್ಲೇಟು ಎನಿಸಿಕೊಂಡದ್ದರಿಂದಲೇ ಈ ತಕರಾರು ಶುರು. 1917ರ ಫೆಬ್ರವರಿ 26ರಂದು ವಿಕ್ಟರ್ ಕಂಪನಿ ನ್ಯೂಯಾರ್ಕಿನಲ್ಲಿ ‘ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಸ್ ಬ್ಯಾಂಡ್’ನ ಎರಡು ಟ್ಯೂನ್ ರೆಕಾರ್ಡ್ ಮಾಡಿತು. ನ್ಯೂ ಆರ್ಲಿಯನ್ಸ್‌ನ ಐವರು ಬಿಳಿಯರ ತಂಡ ಅದು. ಒಂದು ಬದಿಯ ಹೆಸರು ‘ಲಿವರಿ ಸ್ಟೇಬಲ್ ಬ್ಲೂಸ್’. ಲಿವರಿ ಸ್ಟೇಬಲ್ ಅಂದರೆ ಬಾಡಿಗೆ ಕುದುರೆಗಳ ಲಾಯ. ಹೆಸರಿಗೆ ತಕ್ಕಂತೆ ಒಳಗಡೆ ಪೂರ್ತಿ ಕೊಟ್ಟಿಗೆಯೇ ಇದೆ. ಕ್ಲಾರಿನೆಟ್ ಹುಂಜದ ಹಾಗೆ ಕೂಗುತ್ತದೆ, ಕಾರ್ನೆಟ್ ಎಂಬ ಪುಟ್ಟ ತುತ್ತೂರಿ ಕುದುರೆಯಂತೆ ಕೆನೆಯುತ್ತದೆ, ಟ್ರಾಂಬೋನ್ ಹಸುವಿನಂತೆ ಅಂಬಾ ಅನ್ನುತ್ತದೆ. ಈಗ ಕೇಳಿದರೂ ನಗು ಬರುತ್ತದೆ.

ಪ್ಲೇಟು ಭರ್ಜರಿಯಾಗಿ ಓಡಿತು. ಆದರೆ ತಂಡದವರು ಕಾಪಿರೈಟ್ ಮಾಡಿಸಿದ್ದು ‘ಬಾರ್ನ್‌ಯಾರ್ಡ್ ಬ್ಲೂಸ್’ ಎಂಬ ಬೇರೆ ಹೆಸರಲ್ಲಿ. ಕಟ್ಟಿದವನು ಕಾರ್ನೆಟ್ ನುಡಿಸುವ ನಿಕ್ ಲರೊಕಾ ಎಂದು ಬರೆಸಿದರು. ಪ್ಲೇಟಿನಲ್ಲೊಂದು ಹೆಸರು, ಕಾಗದದಲ್ಲೊಂದು. ಇಷ್ಟು ಸಂದಿ ಸಾಕಾಯಿತು. 1916ರಲ್ಲೇ ತಂಡ ಬಿಟ್ಟಿದ್ದ ಕ್ಲಾರಿನೆಟ್‌ನ ಆಲ್ಸೀಡ್ ನೂನೆಜ್, ಗೆಳೆಯ ರೇ ಲೋಪೆಜ್ ಜೊತೆ ಸೇರಿ ಅದೇ ಟ್ಯೂನನ್ನು ‘ಲಿವರಿ ಸ್ಟೇಬಲ್’ ಹೆಸರಲ್ಲೇ ಶಿಕಾಗೋದಲ್ಲಿ ಅಚ್ಚು ಹಾಕಿಸಿದ.

1917ರ ಅಕ್ಟೋಬರ್‌ನಲ್ಲಿ ವ್ಯಾಜ್ಯ ಶಿಕಾಗೋ ಕೋರ್ಟಿಗೆ ಬಂತು. ಕುದುರೆ ಕೆನೆತ ಕಾರ್ನೆಟ್‌ಗೆ ಬಂದದ್ದು ಹೇಗೆ ಅಂತೆಲ್ಲ ಸಾಕ್ಷಿ ನುಡಿದರು. ಈ ವಾದಕರಿಗೆ ನೊಟೇಶನ್ (ಸ್ವರಲಿಪಿ) ಓದಲೂ ಬರುವುದಿಲ್ಲ ಎಂಬುದೂ ಹೊರಬಿತ್ತು. ಕಾರ್ಪೆಂಟರ್ ಎಂಬ ಜಡ್ಜ್ ಪ್ಲೇಟಿನಲ್ಲಿ ತಾಳ ಚೆನ್ನಾಗಿದೆ, ಸಂಗೀತ ಮಾತ್ರ ಕಾಣಿಸುತ್ತಿಲ್ಲ ಎಂಬ ಧಾಟಿಯಲ್ಲಿ ಮಾತಾಡಿ, ಕಾಪಿರೈಟ್ ಇಬ್ಬರಿಗೂ ಇಲ್ಲ ಎಂದುಬಿಟ್ಟರು. ಸಂಗೀತದ ಬಗ್ಗೆ ಅವರು ಹೇಳಿದ್ದನ್ನು ನಾನು ಒಪ್ಪುವುದಿಲ್ಲ. ಆದರೆ ತೀರ್ಪು ನ್ಯಾಯವಾಗಿಯೇ ಇತ್ತು ಅನಿಸುತ್ತದೆ. ನ್ಯೂ ಆರ್ಲಿಯನ್ಸ್‌ನಲ್ಲಿ ಇಂಥ ಟ್ಯೂನುಗಳು ಬಾಯಿಂದ ಬಾಯಿಗೆ, ಬ್ಯಾಂಡಿನಿಂದ ಬ್ಯಾಂಡಿಗೆ ಹೋಗುತ್ತಿದ್ದವು. ನಮ್ಮ ದಾಸರ ಪದಗಳನ್ನೇ ನೋಡಿ. ‘ಪುರಂದರ ವಿಠಲ’ ಎಂಬ ಅಂಕಿತ ಸಾಹಿತ್ಯ ಯಾರದ್ದೆಂದು ಹೇಳುತ್ತದೆ. ಇವತ್ತು ಹಾಡುವ ಮಟ್ಟು ಯಾರದ್ದು ಅಂತ ಹೇಳುವುದಿಲ್ಲ. ಜಾಝ್‌ನಲ್ಲಿ ಇದ್ದದ್ದೇ ಬರೀ ಮಟ್ಟು.

ಅದೇ ಪ್ಲೇಟಿನ ಇನ್ನೊಂದು ಬದಿಯೂ ಸುಮ್ನೆ ಇರಲಿಲ್ಲ. ಅದು ‘ಡಿಕ್ಸಿ ಜಾಸ್ ಬ್ಯಾಂಡ್ ವನ್-ಸ್ಟೆಪ್’. ಅದರ ಒಂದು ಭಾಗ 1909ರಲ್ಲಿ ಜೋ ಜೋರ್ಡಾನ್ ಎಂಬ ಕಪ್ಪು ಸಂಗೀತಗಾರ ಬರೆದ ‘ದಟ್ ಟೀಸಿನ್ ರ‍್ಯಾಗ್’ನದ್ದು. ತಕರಾರು ಬಂದ ಮೇಲೆ ವಿಕ್ಟರ್ ಲೇಬಲ್ ಬದಲಿಸಿ ಆ ಹೆಸರನ್ನೂ ಸೇರಿಸಿತು. ಪ್ಲೇಟು ಒಂದೇ, ಲೇಬಲ್ ಎರಡು ಥರ. ಹಳೇ ಪ್ಲೇಟು ಹುಡುಕುವವರು ಒಂದೇ ಪ್ಲೇಟಿನ ನಾಲ್ಕಾರು ಪ್ರತಿ ಇಟ್ಟುಕೊಂಡು ಲೇಬಲ್ ಹೋಲಿಸುವುದು ಇದಕ್ಕೇ.

ಈ ಗೋಜಲಿಗೆ ಕಾನೂನಿನ ಪಾಲೂ ಜಾಸ್ತಿ ಇದೆ. ಅಮೆರಿಕದ 1909ರ ಕಾಪಿರೈಟ್ ಕಾಯ್ದೆಯ ಪ್ರಕಾರ ತಯಾರಾದ ಪ್ರತಿ ಪ್ಲೇಟಿನ ಪ್ರತಿ ಟ್ಯೂನಿಗೆ 2 ಸೆಂಟ್ ಸಿಗುತ್ತಿತ್ತು, ಅದೂ ಹಕ್ಕು ಯಾರ ಹೆಸರಲ್ಲಿದೆಯೋ ಅವರಿಗೆ. ಹಕ್ಕು ಬೇಕಾದರೆ ಟ್ಯೂನನ್ನು ನೊಟೇಶನ್‌ನಲ್ಲಿ ಬರೆದು ಕೊಡಬೇಕಿತ್ತು. ರೆಕಾರ್ಡಿಂಗ್ ಕೊಟ್ಟರೂ ಆದೀತು ಎಂದಾದದ್ದು 1978ರಲ್ಲಿ. ಹಾಗಾಗಿ ನುಡಿಸುವವನಿಗಿಂತ ಬರೆಯಬಲ್ಲವನ ಕೈ ಮೇಲಾಯಿತು.

ಆ ಹಾಳೆಗಳೇ ಈಗ ಒಳ್ಳೇ ಸಾಕ್ಷಿ. ಕಾರ್ನೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ‘ಕಾರ್ನೆಟ್ ಚಾಪ್ ಸೂಯಿ’ ರೆಕಾರ್ಡ್ ಮಾಡಿದ್ದು 1926ರ ಫೆಬ್ರವರಿಯಲ್ಲಿ. ಆದರೆ ಅವರೇ ಕೈಯಾರೆ ಬರೆದ ನೊಟೇಶನ್ 1924ರ ಜನವರಿಯಲ್ಲೇ ವಾಷಿಂಗ್ಟನ್ನಿನ ಕಾಪಿರೈಟ್ ಕಚೇರಿ ತಲುಪಿತ್ತು. ಸ್ಟುಡಿಯೋದಲ್ಲಿ ಆ ಕ್ಷಣಕ್ಕೆ ಹೊಳೆದದ್ದು ಅಂತ ಅದನ್ನು ಕೇಳಿದವರಿಗೆ ಅನಿಸಿದರೆ ತಪ್ಪಿಲ್ಲ. ಹಾಳೆ ಬೇರೆ ಮಾತು ಹೇಳುತ್ತದೆ.

ಎಲ್ಲದಕ್ಕೂ ಹಾಳೆ ಸಾಲದು. 1930ರ ‘ಮೂಡ್ ಇಂಡಿಗೊ’ಗೆ ಬ್ಯಾಂಡ್ ನಾಯಕ ಡ್ಯೂಕ್ ಎಲಿಂಗ್ಟನ್, ಕ್ಲಾರಿನೆಟ್‌ನ ಬಾರ್ನಿ ಬಿಗಾರ್ಡ್ ಮತ್ತು ಎಲಿಂಗ್ಟನ್‌ರ ಮ್ಯಾನೇಜರ್ ಇರ್ವಿಂಗ್ ಮಿಲ್ಸ್ ಹೆಸರಿದೆ. ಹಾಡಿನ ಸಾಹಿತ್ಯ ಬರೆದದ್ದು ತಾನು ಎಂದು ಮಿಚೆಲ್ ಪ್ಯಾರಿಶ್ ಮುಂದೆ ಹೇಳಿಕೊಂಡರು. ಟ್ಯೂನಿನ ಒಂದು ಭಾಗ ನನ್ನ ಗುರು ಲೊರೆಂಜೊ ಟಿಯೊ ಅವರದ್ದು ಎಂದು ಸ್ವತಃ ಬಿಗಾರ್ಡ್ ಒಪ್ಪಿಕೊಂಡರು. ಟಿಯೊ ನ್ಯೂ ಆರ್ಲಿಯನ್ಸ್‌ನಲ್ಲಿ ಎಷ್ಟೋ ಹುಡುಗರಿಗೆ ಕ್ಲಾರಿನೆಟ್ ಕಲಿಸಿದವರು. ಅವರು 1933ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಅಷ್ಟರಲ್ಲಿ ಆ ಪ್ಲೇಟು ಬಂದು ಮೂರು ವರ್ಷವಾಗಿತ್ತು. ಕಂಸದೊಳಗೆ ಅವರ ಹೆಸರಿಗೆ ಜಾಗ ಸಿಕ್ಕಿರಲಿಲ್ಲ.