ನಿಮ್ಮ ಓಟು ಎಲ್ಲಿಗೆ ಹೋಗುತ್ತದೆ?

ಆಸ್ಟ್ರೇಲಿಯಾದ ಮತದಾರರಿಗೆ ರಾಜಕೀಯ ಬೇಸರ ಬಂದರೂ ಮನೆಯಲ್ಲಿ ಕೂರುವ ಹಾಗಿಲ್ಲ. 1924ರಿಂದ ಮತದಾನ ಕಡ್ಡಾಯ. ಸರಿಯಾದ ಕಾರಣವಿಲ್ಲದೆ ತಪ್ಪಿಸಿದರೆ ಫೆಡರಲ್ ಚುನಾವಣೆಯಲ್ಲಿ 20 ಡಾಲರ್ ದಂಡ. ಹಾಗಾಗಿ ಸಿಟ್ಟಿದ್ದವರೂ ಸಾಲಿನಲ್ಲಿ ನಿಂತು ಓಟು ಹಾಕುತ್ತಾರೆ, ಆದರೆ ದೊಡ್ಡ ಪಕ್ಷಗಳಿಗೆ ಹಾಕುವುದಿಲ್ಲ. 2022ರಲ್ಲಿ ಮೂವರಲ್ಲಿ ಸುಮಾರು ಒಬ್ಬರ ಮೊದಲ ಪ್ರಾಶಸ್ತ್ಯ, ಅಂದರೆ ಮತಪತ್ರದಲ್ಲಿ 1 ಎಂದು ಬರೆದ ಆಯ್ಕೆ, ಲೇಬರ್‌ಗೂ ಇರಲಿಲ್ಲ, ಲಿಬರಲ್-ನ್ಯಾಷನಲ್ ಕೂಟಕ್ಕೂ ಇರಲಿಲ್ಲ. 2025ರಲ್ಲೂ ಅದೇ ಕಥೆ. ಆ ವರ್ಷ ಲೇಬರ್ 150ರಲ್ಲಿ 94 ಸ್ಥಾನ ಗೆದ್ದಿತು, ಆದರೆ ಅದಕ್ಕೆ ಬಿದ್ದ ಮೊದಲ ಪ್ರಾಶಸ್ತ್ಯದ ಮತ ಶೇ 35ನ್ನು ಮುಟ್ಟಲಿಲ್ಲ.

ಶೇ 35 ಮತಕ್ಕೆ 94 ಸ್ಥಾನ ಹೇಗೆ ಬಂತು? ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲದ ಕಡೆಯೇ ಸುಳ್ಳು ಸುಲಭವಾಗಿ ಬೇರು ಬಿಡುತ್ತದೆ.

ಪಶ್ಚಿಮ ಸಿಡ್ನಿಯಲ್ಲಿ ಹೊಸದಾಗಿ ಪೌರತ್ವ ಪಡೆದವರಿಗೆ ಮತದಾನದ ತಿಳಿವಳಿಕೆ ಕೊಡುವುದು ನನ್ನ ಕೆಲಸ. ಮಗನ ಮನೆಗೆ ಬಂದು ಇಲ್ಲೇ ನೆಲೆ ನಿಂತ ಹಿರಿಯರೊಬ್ಬರು ತರಗತಿ ಮುಗಿದ ಮೇಲೆ ಫೋನ್ ಮುಂದೆ ಹಿಡಿದು ಕೇಳಿದರು: "ನಾನು ಚಿಕ್ಕ ಪಾರ್ಟಿಗೆ ಹಾಕಿದ್ರೆ ಅದನ್ನ ಯಾರಿಗೆ ಕೊಡ್ಬೇಕು ಅಂತ ಅವರೇ ತೀರ್ಮಾನ ಮಾಡ್ತಾರಂತಲ್ಲಮ್ಮ? ಹಂಗಿದ್ಮೇಲೆ ನನ್ನ ಓಟಿಗೇನು ಬೆಲೆ?" ವಾಟ್ಸಾಪ್‌ನಲ್ಲಿ ಅವರಿಗೆ ಬಂದ ಸಂದೇಶದಲ್ಲೂ ಅದೇ ಇತ್ತು.

ಈ ಮಾತು ಪೂರ್ತಿ ಆಧಾರವಿಲ್ಲದ್ದಲ್ಲ, ಅದಕ್ಕೇ ಇಷ್ಟು ಗಟ್ಟಿಯಾಗಿ ನಿಂತಿದೆ. ಮೇಲ್ಮನೆಯಾದ ಸೆನೆಟ್‌ನ ಮತಪತ್ರದಲ್ಲಿ ಒಂದು ಅಡ್ಡಗೆರೆ; ಅದರ ಮೇಲೆ ಪಕ್ಷಗಳ ಚೌಕ, ಕೆಳಗೆ ಅಭ್ಯರ್ಥಿಗಳ ಚೌಕ. 1984ರಿಂದ 2013ರವರೆಗೆ ಗೆರೆಯ ಮೇಲಿನ ಒಂದು ಚೌಕದಲ್ಲಿ 1 ಎಂದು ಬರೆದರೆ ಸಾಕಿತ್ತು. ಉಳಿದ ಪ್ರಾಶಸ್ತ್ಯಗಳು ಪಕ್ಷ ಮೊದಲೇ ಸಲ್ಲಿಸಿದ್ದ ಪಟ್ಟಿಯಂತೆ ಹಂಚಿಹೋಗುತ್ತಿದ್ದವು. 2013ರಲ್ಲಿ ವಿಕ್ಟೋರಿಯಾದಿಂದ ಮೋಟರಿಂಗ್ ಎಂಥೂಸಿಯಾಸ್ಟ್ ಪಕ್ಷದ ರಿಕಿ ಮುಯಿರ್ ಶೇ 0.51 ಮತದೊಂದಿಗೆ ಸೆನೆಟ್ ಸೇರಿದ್ದು ಇದೇ ದಾರಿಯಲ್ಲಿ. 2016ರಲ್ಲಿ ಆ ಪದ್ಧತಿ ರದ್ದಾಯಿತು. ಈಗ ಸೆನೆಟ್‌ಗೆ ಗೆರೆಯ ಮೇಲಾದರೆ ಕನಿಷ್ಠ 6, ಕೆಳಗಾದರೆ ಕನಿಷ್ಠ 12 ಸಂಖ್ಯೆಗಳನ್ನು ನೀವೇ ಬರೆಯಬೇಕು. ಕೆಳಮನೆಗೆ ಎಲ್ಲ ಅಭ್ಯರ್ಥಿಗಳಿಗೂ ಸಂಖ್ಯೆ ಕೊಡಬೇಕು. ಮತಗಟ್ಟೆಯ ಹೊರಗೆ ಪಕ್ಷದವರು ಕೈಗೆ ತುರುಕುವ 'ಹೌ ಟು ವೋಟ್' ಕಾರ್ಡ್ ಬರೀ ಸಲಹೆ. ಬೇಡವೆಂದರೆ ತೆಗೆದುಕೊಳ್ಳಲೇಬೇಕಿಲ್ಲ.

ಎಣಿಕೆ ನಡೆಯುವ ಬಗೆ ಸರಳ. ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬರದಿದ್ದರೆ ಕೊನೆಯ ಸ್ಥಾನದಲ್ಲಿರುವವರನ್ನು ಕೈಬಿಟ್ಟು, ಅವರ ಮತಪತ್ರಗಳನ್ನು ಅದರಲ್ಲಿ 2 ಎಂದು ಬರೆದ ಹೆಸರಿಗೆ ಸೇರಿಸುತ್ತಾರೆ. ಒಬ್ಬರು ಅರ್ಧ ದಾಟುವವರೆಗೆ ಹೀಗೇ ಸಾಗುತ್ತದೆ. 1998ರಲ್ಲಿ ಕ್ವೀನ್ಸ್‌ಲ್ಯಾಂಡ್‌ನ ಬ್ಲೇರ್ ಕ್ಷೇತ್ರದಲ್ಲಿ ಒನ್ ನೇಷನ್ ನಾಯಕಿ ಪಾಲಿನ್ ಹ್ಯಾನ್ಸನ್ ಸುಮಾರು ಶೇ 36 ಮತ ಪಡೆದು ಮೊದಲ ಸುತ್ತಿನಲ್ಲಿ ಮುಂದಿದ್ದರು. ಉಳಿದವರಲ್ಲಿ ಹೆಚ್ಚಿನವರು ಅವರನ್ನು ಕೊನೆಗೆ ಹಾಕಿದ್ದರಿಂದ ಸೋತರು. ಪಕ್ಷಗಳು ಸೇರಿ ಮೋಸ ಮಾಡಿದವು ಎಂಬ ಕೂಗು ಆಗ ಎದ್ದಿತ್ತು, ಇಂದಿಗೂ ಕೇಳಿಬರುತ್ತದೆ. 2025ರಲ್ಲಿ ಮೆಲ್ಬರ್ನ್ ಕ್ಷೇತ್ರದಲ್ಲಿ ಗ್ರೀನ್ಸ್ ನಾಯಕ ಆಡಮ್ ಬ್ಯಾಂಟ್ ಸುಮಾರು ಶೇ 39 ಮತದೊಂದಿಗೆ ಮುಂದಿದ್ದೂ ಲೇಬರ್‌ನ ಸಾರಾ ವಿಟಿ ಎದುರು ಸೋತರು. ಒಬ್ಬರು ತೀರಾ ಬಲಪಂಥ, ಇನ್ನೊಬ್ಬರು ಎಡಪಂಥ. ಇಬ್ಬರನ್ನೂ ಸೋಲಿಸಿದ್ದು ಒಂದೇ ನಿಯಮ. ಆ ಹಿರಿಯರಿಗೂ ಈ ಎರಡು ಫಲಿತಾಂಶಗಳನ್ನೇ ಪಕ್ಕಪಕ್ಕ ಬರೆದು ತೋರಿಸಿದೆ.

ಬೇಸರಗೊಂಡ ಮತದಾರರ ಕೈಯಲ್ಲಿ ಈ ಪದ್ಧತಿ ಎಷ್ಟು ಬಲ ಇಟ್ಟಿದೆ ಎಂಬುದಕ್ಕೆ ಫೌಲರ್ ಕ್ಷೇತ್ರ ನೋಡಬೇಕು. ಪಶ್ಚಿಮ ಸಿಡ್ನಿಯ ಕಬ್ರಮಟ್ಟ ಸುತ್ತಲಿನ, ವಿಯೆಟ್ನಾಂ ಮೂಲದವರು ಬಹಳವಿರುವ ಈ ಕ್ಷೇತ್ರ 1984ರಲ್ಲಿ ರಚನೆಯಾದಾಗಿನಿಂದ ಲೇಬರ್ ಕೈಯಲ್ಲೇ ಇತ್ತು. 2021ರ ಕೋವಿಡ್ ಲಾಕ್‌ಡೌನ್‌ನಲ್ಲಿ ಇಲ್ಲಿಯ ಬೀದಿಗಳಿಗೆ ಸೈನಿಕರು ಬಂದಿದ್ದರು, ನಿರ್ಬಂಧವೂ ಸಮುದ್ರ ದಂಡೆಯ ಬಡಾವಣೆಗಳಿಗಿಂತ ಬಿಗಿಯಾಗಿತ್ತು. ಮರುವರ್ಷದ ಚುನಾವಣೆಗೆ ಲೇಬರ್ ಸ್ಥಳೀಯ ವಕೀಲೆ ತು ಲೆ ಅವರನ್ನು ಬಿಟ್ಟು, ಸಿಡ್ನಿಯ ಇನ್ನೊಂದು ತುದಿಯಲ್ಲಿ ವಾಸವಿದ್ದ ಕ್ರಿಸ್ಟಿನಾ ಕೆನೀಲಿಗೆ ಟಿಕೆಟ್ ಕೊಟ್ಟಿತು. ಮೊದಲ ಎಣಿಕೆಯಲ್ಲಿ ಕೆನೀಲಿ ಮುಂದಿದ್ದರು. ಆದರೆ ಪ್ರಾಶಸ್ತ್ಯಗಳು ಹರಿದು ಬಂದದ್ದು ಪಕ್ಷೇತರ ಅಭ್ಯರ್ಥಿ, ನಿರಾಶ್ರಿತೆಯಾಗಿ ಈ ದೇಶಕ್ಕೆ ಬಂದ ದಾಯ್ ಲೆ ಕಡೆಗೆ. 2025ರಲ್ಲಿ ಲೇಬರ್ ತು ಲೆ ಅವರನ್ನೇ ನಿಲ್ಲಿಸಿತು, ದಾಯ್ ಲೆ ಮತ್ತೆ ಗೆದ್ದರು. ಇಲ್ಲಿಯ ಜನರನ್ನು ಸುಲಭವಾಗಿ ಮರುಳು ಮಾಡಬಹುದು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಬೇಸರಕ್ಕೆ ಕಾರಣಗಳೂ ನಿಜವಾದವೇ. 2010ರಿಂದ 2018ರ ಒಳಗೆ ನಾಲ್ಕು ಬಾರಿ ಪಕ್ಷಗಳು ತಮ್ಮದೇ ಪ್ರಧಾನಿಯನ್ನು ಇಳಿಸಿದವು, ಜನರನ್ನು ಕೇಳದೆ. ಭತ್ಯೆ ಹೆಚ್ಚು ಪಡೆದಿದ್ದೀರಿ ಎಂದು ವಸೂಲಿಗಿಳಿದ ರೋಬೋಡೆಟ್ ಯೋಜನೆಯಲ್ಲಿ ಸರ್ಕಾರವೇ ವಾರ್ಷಿಕ ಆದಾಯವನ್ನು ಸರಾಸರಿ ಮಾಡಿ, ಇಲ್ಲದ ಸಾಲವನ್ನು ಲಕ್ಷಾಂತರ ಬಡವರ ತಲೆಗೆ ಕಟ್ಟಿತು. ಇಷ್ಟೆಲ್ಲ ಕಂಡವರಿಗೆ "ಎರಡೂ ಪಕ್ಷ ಒಂದೇ, ವ್ಯವಸ್ಥೆಯೇ ಮೋಸ" ಎಂದು ಯಾರಾದರೂ ಹೇಳಿದಾಗ ಕಿವಿ ನೆಟ್ಟಗಾಗುವುದು ಸಹಜ. ಆ ಮಾತಿನ ಮೊದಲರ್ಧಕ್ಕೆ ನಾನು ತಕರಾರು ತೆಗೆಯುವುದಿಲ್ಲ, ಅದು ಅವರವರ ಅಭಿಪ್ರಾಯ. ಎರಡನೆಯದು ಹಾಗಲ್ಲ, ಎಣಿಕೆಯ ಮೇಲಿನ ಆರೋಪ. ಅದನ್ನು ಪರೀಕ್ಷಿಸಬಹುದು, ಪರೀಕ್ಷಿಸಲೇಬೇಕು.

ನಮ್ಮವರು ಎಡವುವ ಒಂದು ಜಾಗವನ್ನು ವಿಶೇಷವಾಗಿ ಹೇಳಬೇಕು. ಕರ್ನಾಟಕದ ವಿಧಾನ ಪರಿಷತ್ತಿನ ಪದವೀಧರ ಅಥವಾ ಶಿಕ್ಷಕರ ಕ್ಷೇತ್ರದಲ್ಲಿ ಓಟು ಹಾಕಿದವರಿಗೆ ಪ್ರಾಶಸ್ತ್ಯ ಮತ ಹೊಸದಲ್ಲ. ಅಲ್ಲಿ 1 ಎಂದಷ್ಟೇ ಬರೆದರೂ ಮತ ಸಿಂಧು. ನ್ಯೂ ಸೌತ್ ವೇಲ್ಸ್ ವಿಧಾನಸಭೆ ಚುನಾವಣೆಯಲ್ಲೂ ಹಾಗೇ ನಡೆಯುತ್ತದೆ. ಆ ರೂಢಿಯಲ್ಲಿ ಫೆಡರಲ್ ಕೆಳಮನೆಯ ಮತಪತ್ರದಲ್ಲೂ 1 ಬರೆದು ಮಡಚಿ ಹಾಕಿದರೆ ಅದು ಅಸಿಂಧುವಿನ ರಾಶಿಗೆ ಹೋಗುತ್ತದೆ.

ಮತಪತ್ರದ ಕುರಿತ ಅರೆಬರೆ ತಿಳಿವಳಿಕೆ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು 2023ರ ಜನಮತಗಣನೆಯಲ್ಲಿ ನೋಡಿದೆವು. ಮೂಲನಿವಾಸಿಗಳ ಪರವಾಗಿ ಸಂಸತ್ತಿಗೆ ಸಲಹೆ ಕೊಡುವ 'ವಾಯ್ಸ್' ಮಂಡಳಿಯ ಪ್ರಸ್ತಾಪಕ್ಕೆ ಯೆಸ್ ಅಥವಾ ನೋ ಎಂದು ಬರೆಯಬೇಕಿತ್ತು. ರೈಟ್ ಗುರುತು ಹಾಕಿದರೆ ಒಪ್ಪಿಗೆ ಎಂದು ಎಣಿಸಬಹುದು; ಇಂಟು ಗುರುತನ್ನು ಕೆಲವರು ಆಯ್ಕೆ ಸೂಚಿಸಲೂ ಬಳಸುವುದರಿಂದ ಅದನ್ನು ಎಣಿಸಲಾಗದು. ಇದು ಬಹಳ ಹಿಂದಿನಿಂದ ನಡೆದುಬಂದ ನಿಯಮ. ಅದನ್ನೇ ಹಿಡಿದು ಚುನಾವಣಾ ಆಯೋಗ ಪಕ್ಷಪಾತಿ ಎಂದು ಹಬ್ಬಿಸಿದರು. ಕೊನೆಗೆ ಸುಮಾರು ಶೇ 60 ಮಂದಿ ನೋ ಎಂದರು, ಅಸಿಂಧು ಮತ ಶೇ 1ರ ಆಸುಪಾಸು.

2025ರ ಆಗಸ್ಟ್ 31ರ ವಲಸೆ ವಿರೋಧಿ ಮೆರವಣಿಗೆಗಳ ಪ್ರಚಾರಪತ್ರದಲ್ಲಿ ಭಾರತೀಯರನ್ನೇ ಹೆಸರಿಸಿದ್ದರು. ಲೇಬರ್ ತನ್ನ ಓಟಿಗಾಗಿ ಭಾರತೀಯರನ್ನು ಕರೆಸಿಕೊಳ್ಳುತ್ತಿದೆ ಎಂಬ ಮಾತೂ ಅದರ ಬೆನ್ನಿಗೇ ಬಂತು. ವೀಸಾದಲ್ಲಿ ಬಂದವರಿಗೆ ಫೆಡರಲ್ ಚುನಾವಣೆಯಲ್ಲಿ ಓಟಿಲ್ಲ; ಪೌರತ್ವಕ್ಕೆ ಸಾಮಾನ್ಯವಾಗಿ ನಾಲ್ಕು ವರ್ಷದ ವಾಸ, ಅದರಲ್ಲಿ ಕೊನೆಯ ಒಂದು ವರ್ಷ ಪರ್ಮನೆಂಟ್ ರೆಸಿಡೆಂಟ್ ಆಗಿ ಇರಬೇಕು. ನೆರೆಯವರೋ ಸಹೋದ್ಯೋಗಿಗಳೋ ಈ ಮಾತು ತೆಗೆದರೆ ಜಗಳವಾಡದೆ ಇಷ್ಟನ್ನು ಹೇಳಿ.

ಕಾನೂನಿನ ನೆರವು ಕಡಿಮೆ. ಸೌತ್ ಆಸ್ಟ್ರೇಲಿಯಾದಲ್ಲಿ 1985ರಿಂದ, ಚುನಾವಣಾ ಜಾಹೀರಾತಿನಲ್ಲಿ ವಾಸ್ತವ ಎಂದು ಸುಳ್ಳು ಹೇಳುವುದು ಅಪರಾಧ; ಅದನ್ನು ಹಿಂತೆಗೆಯುವಂತೆ ಚುನಾವಣಾ ಆಯುಕ್ತರು ಕೇಳಬಹುದು. ಅಭಿಪ್ರಾಯಕ್ಕೆ ಅಡ್ಡಿಯಿಲ್ಲ. ಕ್ಯಾನ್‌ಬೆರಾ ಪ್ರಾಂತ್ಯವೂ ಅದನ್ನು ಅನುಸರಿಸಿದೆ. ಫೆಡರಲ್ ಮಟ್ಟದಲ್ಲಿ ಅಂಥ ಕಾನೂನು 1983ರಲ್ಲಿ ಬಂದು ಮರುವರ್ಷವೇ ರದ್ದಾಯಿತು. 2024ರ ನವೆಂಬರ್‌ನಲ್ಲಿ ಲೇಬರ್ ಸರ್ಕಾರ ಮತ್ತೊಂದು ಮಸೂದೆ ಮಂಡಿಸಿ ಅರ್ಧಕ್ಕೇ ಬಿಟ್ಟಿತು. ಅದೇ ಸರ್ಕಾರಕ್ಕೆ 2025ರಲ್ಲಿ ಕೆಳಮನೆಯ ಭಾರಿ ಬಹುಮತ ಸಿಕ್ಕಿದೆ. ನಿಮ್ಮ ಎಂಪಿ ದೀಪಾವಳಿ ಕಾರ್ಯಕ್ರಮಕ್ಕೋ ರಾಜ್ಯೋತ್ಸವಕ್ಕೋ ಬಂದಾಗ ಫೋಟೋ ತೆಗೆಸಿಕೊಳ್ಳುವ ಮೊದಲು ಆ ಮಸೂದೆ ಯಾವಾಗ ಮತ್ತೆ ಬರುತ್ತದೆ ಎಂದು ಕೇಳಿ.