ನಾಯಿ ತಾನಾಗಿ ಕೊಡುವ ಕೈ

ನಾಯಿಗೆ ಮನೆಯವರು ಮೊದಲು ಕಲಿಸಲು ಹೊರಡುವುದು ಸಾಮಾನ್ಯವಾಗಿ ಶೇಕ್ ಹ್ಯಾಂಡ್. ಕಲಿಸುವ ರೀತಿಯೂ ಹೆಚ್ಚುಕಡಿಮೆ ಒಂದೇ. ನಾಯಿಯನ್ನು ಕೂರಿಸಿ, "ಶೇಕ್ ಹ್ಯಾಂಡ್, ಶೇಕ್ ಹ್ಯಾಂಡ್" ಎನ್ನುತ್ತ ಅದರ ಮುಂಗಾಲನ್ನು ಹಿಡಿದೆತ್ತಿ ಕುಲುಕುತ್ತಾರೆ. ಹೀಗೆ ಮಾಡಿದರೂ ಕೆಲವು ನಾಯಿಗಳು ಕಾಲು ಎತ್ತಲು ಕಲಿಯುತ್ತವೆ, ನಿಜ. ಆದರೆ ಹೆಚ್ಚಿನವು ಕಲಿಯುವುದು ಕಾಲು ಕೊಡುವುದನ್ನಲ್ಲ, ಹಿಡಿದಾಗ ಸಹಿಸಿಕೊಂಡಿರುವುದನ್ನು. ಈ ಎರಡಕ್ಕಿರುವ ವ್ಯತ್ಯಾಸ ಗೊತ್ತಾಗುವುದು ಕೊಡಗಿನ ಮಳೆಗಾಲದಲ್ಲಿ, ಬೆರಳ ಸಂದಿಗೆ ಇಂಬಳ (ಜಿಗಣೆ) ಕಚ್ಚಿದ ಕಾಲನ್ನು ನೋಡಲು ಹೋದಾಗ. ಕೊಡಲು ಕಲಿತ ನಾಯಿ ಕಾಲು ಚಾಚುತ್ತದೆ. ಹಿಡಿಸಿಕೊಂಡೇ ಬೆಳೆದ ನಾಯಿ ಕಾಲನ್ನು ಹೊಟ್ಟೆಯಡಿಗೆ ಎಳೆದುಕೊಂಡು ಹಲ್ಲು ತೋರಿಸುತ್ತದೆ.

ಮುಂಗಾಲಿನ ಆಟಗಳನ್ನು ನೆಂಟರ ಮುಂದೆ ತೋರಿಸಲು ಕಲಿಸಿದರೂ ತಪ್ಪೇನಿಲ್ಲ. ತೋಟದಲ್ಲಿ ತಿರುಗುವ ನಾಯಿಗೆ ಮಾತ್ರ ಅದಕ್ಕಿಂತ ದೊಡ್ಡ ಉಪಯೋಗವಿದೆ. ನಾಚಿಕೆಮುಳ್ಳು ತೆಗೆಯುವುದು, ಉಣುಗು ಹುಡುಕುವುದು, ಉಗುರು ಕತ್ತರಿಸುವುದು, ಒದ್ದೆ ಬೆರಳ ಸಂದಿ ಒರೆಸುವುದು, ಎಲ್ಲಕ್ಕೂ ಆ ಕಾಲು ನಮ್ಮ ಕೈಗೆ ಬರಬೇಕು. ಆದ್ದರಿಂದ ಮೊದಲ ದಿನದಿಂದಲೇ ಒಂದು ನಿಯಮ ಇಟ್ಟುಕೊಳ್ಳಿ: ಕಲಿಸುವಾಗ ಕಾಲನ್ನು ನಾವು ಹಿಡಿಯುವುದಿಲ್ಲ, ಅದೇ ತಂದು ಇಡಬೇಕು.

ಎಳೆದರೆ ನಾಯಿ ಹಿಂದಕ್ಕೆಳೆಯುತ್ತದೆ. ಅದು ಹಟವಲ್ಲ, ಬೀಳದಂತೆ ಮೈಯೇ ಮಾಡಿಕೊಳ್ಳುವ ಏರ್ಪಾಡು. ನಿಂತ ನಾಯಿಯ ಮೈಭಾರದಲ್ಲಿ ನೂರಕ್ಕೆ ಸುಮಾರು 60 ಪಾಲು ಮುಂಗಾಲುಗಳ ಮೇಲಿರುತ್ತದೆ. ಎದೆಗೂಡಿಗೂ ಭುಜಕ್ಕೂ ನಡುವೆ ಗಟ್ಟಿ ಜೋಡಣೆಯಾಗಿ ನಮಗಿರುವ ಕೊರಳೆಲುಬು ಅದಕ್ಕಿಲ್ಲ. ಮುಂಗಾಲು ಮೈಗೆ ಸೇರಿರುವುದು ಸ್ನಾಯುಗಳ ಬಲದಿಂದಲೇ. ಮುಂದಕ್ಕೂ ಹಿಂದಕ್ಕೂ ಅದು ಸಲೀಸಾಗಿ ಆಡುತ್ತದೆ, ಪಕ್ಕಕ್ಕೆ ಎಳೆದರೆ ನೋಯುತ್ತದೆ. ಮಕ್ಕಳು ಪಕ್ಕದಲ್ಲಿ ಕೂತು ಕಾಲನ್ನು ತಮ್ಮತ್ತ ಎಳೆದಾಗ ಒಳ್ಳೆಯ ಸ್ವಭಾವದ ನಾಯಿಯೂ ಗುರ್ ಎನ್ನುವುದು ಇದಕ್ಕೇ.

ಮೊದಲು ಜಾಗ. ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲವಾಗಲಿ ಹೊಸ ಮನೆಗಳ ಟೈಲ್ಸ್ ಆಗಲಿ ಈ ಪಾಠಕ್ಕೆ ಆಗದು. ಒಂದು ಕಾಲು ಎತ್ತಿದ ಕೂಡಲೇ ಉಳಿದ ಕಾಲು ಜಾರುತ್ತದೆ, ಜಾರಿದ ನಾಯಿ ಮತ್ತೆ ಕಾಲು ಎತ್ತಲು ಹಿಂಜರಿಯುತ್ತದೆ. ಒಣಗಿದ ಗೋಣಿಚೀಲವನ್ನು ಎರಡು ಮಡಿಕೆ ಮಾಡಿ ಹಾಸಿದರೆ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಓಡಾಟ ಕಡಿಮೆಯಾಗಿ ನಾಯಿಗಳು ಬೇಸತ್ತು ಚಪ್ಪಲಿ ಕಚ್ಚುವ ಕಾಲ. ಕಲಿಸಲು ಅದೇ ಹೇಳಿಮಾಡಿಸಿದ ಸಮಯ.

ಆಮೇಲೆ ತಿಂಡಿ. ಉಪ್ಪು ಹಾಕದೆ ಬೇಯಿಸಿ ಮೂಳೆ ಬಿಡಿಸಿದ ಕೋಳಿಯನ್ನು ಬಟಾಣಿ ಕಾಳಿನಷ್ಟು ಚೂರು ಮಾಡಿ. ಚಿಕ್ಕ ನಾಯಿಗೆ ಅದರ ಅರ್ಧ. ಬೇಯಿಸಿದ ಮೊಟ್ಟೆಯ ಬಿಳಿ, ಕ್ಯಾರೆಟ್ ಕೂಡ ಆಗುತ್ತದೆ. ಅಕ್ಕಿತರಿಯ ಉಂಡೆ ಕಡಂಬುಟ್ಟಿನ ಚೂರು ತಿಂದರೆ ಕೆಡುಕಿಲ್ಲ, ಆದರೆ ಕೈಗೆ ಅಂಟಿ ಉದುರುತ್ತದೆ. ನಾಯಿ ನೆಲ ನೆಕ್ಕುತ್ತ ಪಾಠ ಮರೆಯುತ್ತದೆ. ದಿನದ ಆಹಾರದಲ್ಲಿ ಇಂಥ ತಿಂಡಿಯ ಪಾಲು ಹತ್ತರಲ್ಲಿ ಒಂದನ್ನು ಮೀರಬಾರದು, ಅಷ್ಟನ್ನು ಊಟದಲ್ಲಿ ಕಳೆಯಬೇಕು. ಪಂದಿಕರಿಯ (ಹಂದಿಮಾಂಸದ ಸಾರು) ತುಂಡು ತೊಳೆದೂ ಕೊಡಬೇಡಿ. ಅದರಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಮಡಿಕೇರಿಯ ಹೋಮ್‌ಮೇಡ್ ಚಾಕಲೇಟು, ಕಾಫಿ, ದ್ರಾಕ್ಷಿ ಮೂರೂ ನಾಯಿಗೆ ವಿಷ. ಕಣದಲ್ಲಿ ಕಾಫಿ ಒಣಗಿಸುವ ದಿನಗಳಲ್ಲಿ ಪಾಠವನ್ನು ಕಣದಿಂದ ದೂರ ಇಡುವುದು ಲೇಸು. ಕಾಲಿನಿಂದ ಕೆರೆಯುವುದು ಹೊಸದಾಗಿ ಕಲಿತ ಮರಿ ಅಲ್ಲಿಯೂ ಕೆರೆದು ಸಿಕ್ಕಿದ್ದನ್ನು ಬಾಯಿಗೆ ಹಾಕುತ್ತದೆ.

ಇನ್ನು ಬೇಕಾದದ್ದು ಒಂದು ಗುರುತಿನ ಸದ್ದು. ಒತ್ತಿದರೆ ಟಕ್ ಎನ್ನುವ ಕ್ಲಿಕ್ಕರ್ ಇದ್ದರೆ ಸರಿ, ಇಲ್ಲದಿದ್ದರೆ ಚಿಕ್ಕದೊಂದು ಮಾತು. "ಸೈ" ಒಳ್ಳೆಯ ಮಾತು, ಮನೆಯ ಮಾತುಕತೆಯಲ್ಲಿ ಪದೇ ಪದೇ ಬರುವುದಿಲ್ಲ. ಮೊದಲು ಹದಿನೈದು ಇಪ್ಪತ್ತು ಸಲ ಸುಮ್ಮನೆ "ಸೈ" ಎಂದು ಒಂದು ಚೂರು ಕೊಡಿ. ಆ ಮಾತು ಕೇಳಿದೊಡನೆ ನಾಯಿ ನಿಮ್ಮ ಕೈ ನೋಡತೊಡಗಿದರೆ ಅದಕ್ಕೆ ಅರ್ಥವಾಯಿತು. ಮುಂದೆ ಎಲ್ಲವೂ ಇದರ ಹೊತ್ತಿನ ಮೇಲೆ ನಿಂತಿದೆ. ಕಾಲು ಮೇಲೇಳುವ ಕ್ಷಣಕ್ಕೆ ಸದ್ದು ಬರಬೇಕು, ಅರ್ಧ ಸೆಕೆಂಡು ತಡವಾದರೂ ಕಾಲು ಕೆಳಗಿಡುವುದಕ್ಕೆ ಸಂಬಳ ಕೊಟ್ಟಂತೆ. "ಎತ್ತುತ್ತದೆ, ಕೂಡಲೇ ಇಳಿಸುತ್ತದೆ" ಎಂಬ ದೂರಿನ ಹಿಂದೆ ಹೆಚ್ಚಾಗಿ ಇದೇ ತಡ ಇರುತ್ತದೆ.

ನಾಯಿಯನ್ನು ಕೂರಿಸಿ. ಚೂರೊಂದನ್ನು ಮುಷ್ಟಿಯೊಳಗಿಟ್ಟು, ಮುಷ್ಟಿಯನ್ನು ಅದರ ಎದೆಗಿಂತ ಕೆಳಗೆ, ನೆಲದಿಂದ ಒಂದು ಗೇಣಿನೊಳಗೆ ಹಿಡಿಯಿರಿ. ಮೂಸುತ್ತದೆ, ನೆಕ್ಕುತ್ತದೆ, ಮೂತಿಯಿಂದ ತಿವಿಯುತ್ತದೆ. ಮಾತಾಡಬೇಡಿ, ಕೈ ಅಲುಗಿಸಬೇಡಿ. ಮೂತಿಯಿಂದ ಆಗದ ಕೆಲಸವನ್ನು ಕಾಲಿನಿಂದ ಮಾಡಲು ನೋಡುತ್ತದೆ, ಆಗ "ಸೈ". ಚೂರನ್ನು ಇನ್ನೊಂದು ಕೈಯಿಂದ ಕೊಡಿ. ಕೆರೆದ ಮುಷ್ಟಿಯೇ ತೆರೆದುಕೊಂಡರೆ ಮುಷ್ಟಿ ಕಂಡಲ್ಲೆಲ್ಲ ಕೆರೆಯುವುದನ್ನು ಕಲಿಯುತ್ತದೆ. ಎರಡು ಮೂರು ನಿಮಿಷ, ಹತ್ತು ಹನ್ನೆರಡು ಚೂರು, ದಿನಕ್ಕೆ ಮೂರು ಸಲ. ಹತ್ತರಲ್ಲಿ ಎಂಟು ಸಲ ತಡವಿಲ್ಲದೆ ಕಾಲು ಬಂದರೆ ಮುಂದಿನ ಹೆಜ್ಜೆಗೆ ಹೋಗಿ: ಮುಷ್ಟಿ ಖಾಲಿ. ಅದರ ಮುಂದೆ, ಬಿಚ್ಚಿದ ಅಂಗೈ. ಅಂಗೈಗೂ ಎಂಟು ಸಲ ಬಂದ ಮೇಲಷ್ಟೇ ಕಾಲು ಕೇಳುವ ಮಾತು ಸೇರಿಸಬೇಕು, ಮಾತು ಮೊದಲು, ಒಂದು ಸೆಕೆಂಡು ಬಿಟ್ಟು ಕೈ ಚಾಚುವುದು. ಒಂದೇ ಮನೆಯಲ್ಲಿ ಅಜ್ಜಿ ಕೊಡವ ತಕ್ಕ್, ಮಕ್ಕಳು ಇಂಗ್ಲಿಷ್, ಕೆಲಸದವರು ಕನ್ನಡ ಆಡುವುದು ಇಲ್ಲಿ ಸಾಮಾನ್ಯ. ನಾಯಿಗೆ ಯಾವ ಭಾಷೆಯಾದರೂ ಸರಿ, ಎಲ್ಲರೂ ಅದೊಂದೇ ಮಾತು ಬಳಸಬೇಕು.

ಕೆಲವು ನಾಯಿಗಳು, ಅದರಲ್ಲೂ ಕಾಲು ಹಿಡಿಸಿಕೊಂಡು ಬೇಸತ್ತವು, ಮುಷ್ಟಿಯ ಮುಂದೆ ಸುಮ್ಮನೆ ಕೂತುಬಿಡುತ್ತವೆ. ಆಗ ಚೂರನ್ನು ಮೂಗಿನ ಮುಂದಿಟ್ಟು ನಿಧಾನವಾಗಿ ಎರಡು ಇಂಚು ಎಡಕ್ಕೆ, ತುಸು ಮೇಲಕ್ಕೆ ಒಯ್ಯಿರಿ. ತಲೆಯ ಜೊತೆ ಭಾರವೂ ಒಂದು ಬದಿಗೆ ಸರಿದು ಇನ್ನೊಂದು ಕಾಲು ಹಗುರಾಗುತ್ತದೆ. ಆ ಕಾಲಿನ ಪಾದ ಕೂದಲೆಳೆಯಷ್ಟು ಎದ್ದರೂ "ಸೈ". ಇಡೀ ಕಾಲು ಏಳುವವರೆಗೆ ಕಾದರೆ ಇಂಥ ನಾಯಿ ಕೈಬಿಡುತ್ತದೆ. ಬೊಗಳುವ, ಮುಷ್ಟಿ ಕಚ್ಚುವ ನಾಯಿಗೆ ತಿಂಡಿಯ ಆಸೆ ಅತಿಯಾಗಿದೆ ಎಂದರ್ಥ. ಊಟದ ನಂತರ, ಕೋಳಿಯ ಬದಲು ಕ್ಯಾರೆಟ್ ಇಟ್ಟು ಕಲಿಸಿ.

ಬಹಳಷ್ಟು ನಾಯಿಗಳಿಗೆ ಬಲಗಾಲಿನತ್ತಲೋ ಎಡಗಾಲಿನತ್ತಲೋ ಹೆಚ್ಚು ವಾಲಿಕೆ ಇರುತ್ತದೆ. ನಿಮ್ಮ ನಾಯಿ ಮೊದಲು ಕೊಟ್ಟ ಕಾಲನ್ನೇ ಗಟ್ಟಿಮಾಡಿ. ಇನ್ನೊಂದಕ್ಕೆ ಬೇರೆ ಮಾತು, ನಿಮ್ಮ ಇನ್ನೊಂದು ಕೈ, ಆ ಕಾಲಿನ ನೇರಕ್ಕೆ. ಎರಡನ್ನೂ ಒಂದೇ ದಿನ ಬೆರೆಸಿದರೆ ನಾಯಿ ಎರಡನ್ನೂ ಒಟ್ಟಿಗೆ ಎಸೆಯಲು ನೋಡಿ ಮುಗ್ಗರಿಸುತ್ತದೆ. ನಾಲ್ಕೈದು ದಿನ ಅಂತರ ಇರಲಿ.

ಇಲ್ಲಿಂದ ಮುಂದೆ ದಾರಿ ಸುಲಭ. ಅಂಗೈಯನ್ನು ನೆಟ್ಟಗೆ ನಿಲ್ಲಿಸಿದರೆ ಹೈ ಫೈವ್. ಕೈಯನ್ನು ದಿನಕ್ಕೆ ಒಂದಿಂಚು ಮೇಲೇರಿಸಿ, ಕೂತ ನಾಯಿಯ ಕಣ್ಣಿನ ಮಟ್ಟದಲ್ಲಿ ನಿಲ್ಲಿಸಿಬಿಡಿ, ಅದಕ್ಕಿಂತ ಎತ್ತರಕ್ಕೆ ಹೋದರೆ ನಾಯಿ ಜಿಗಿಯುತ್ತದೆ. ಟಾಟಾ ಹೇಳಿಸಲು, ಕಾಲು ಕೈಗೆ ತಾಗುವ ಮುನ್ನ ಕೈಯನ್ನು ನಾಲ್ಕು ಇಂಚು ಹಿಂದೆ ತೆಗೆದು, ಗಾಳಿಯಲ್ಲಿರುವಾಗಲೇ "ಸೈ" ಎನ್ನಬೇಕು. ನಾಯಿ ಕೈ ಹುಡುಕುತ್ತ ಮುಂದೆ ಬಂದರೆ ನಡುವೆ ಒಂದು ಅಡ್ಡಹಲಗೆ ಇಡಿ.

ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಬೆಲೆಬಾಳುವುದು ಮುಚ್ಚಳದ ಪಾಠ. ಡಬ್ಬಿಯ ಪ್ಲಾಸ್ಟಿಕ್ ಮುಚ್ಚಳವೊಂದನ್ನು, ಸುಮಾರು 10 ಸೆಂಟಿಮೀಟರ್ ಅಗಲದ್ದು, ಅಂಗೈ ಮೇಲಿಟ್ಟು ಕಾಲು ಕೇಳಿ. ಕಾಲು ಮುಚ್ಚಳಕ್ಕೆ ತಾಗಿದರೆ "ಸೈ". ಮುಚ್ಚಳವನ್ನು ಮೆಲ್ಲಗೆ ನೆಲಕ್ಕಿಳಿಸಿ, ಕೈ ತೆಗೆಯಿರಿ. ಈಗ ನಾಯಿ ನಿಮ್ಮನ್ನಲ್ಲ, ಒಂದು ವಸ್ತುವನ್ನು ಕಾಲಿನಿಂದ ಮುಟ್ಟಲು ಕಲಿತಿದೆ. ಅದೇ ಮುಚ್ಚಳವನ್ನು ಬೀರುವಿನ ಬಾಗಿಲಿಗೆ ಅಂಟಿಸಿದರೆ ಬಾಗಿಲು ಮುಚ್ಚುತ್ತದೆ. ಮಲಗಿದ ನಾಯಿಯ ಎಡಗಾಲಿನ ಆಚೆ ಬದಿಗಿಟ್ಟು ಬಲಗಾಲು ಕೇಳಿದರೆ ಕಾಲಮೇಲೆ ಕಾಲು ಹಾಕುತ್ತದೆ. ಇದಕ್ಕೆ ಮುಚ್ಚಳವನ್ನು ಒಂದು ಸಲಕ್ಕೆ ಅರ್ಧ ಇಂಚಿಗಿಂತ ಹೆಚ್ಚು ಸರಿಸಬಾರದು, ಇಲ್ಲದಿದ್ದರೆ ಎದ್ದು ನಿಲ್ಲುತ್ತದೆ. ಮುಖ ಮುಚ್ಚಿಕೊಳ್ಳುವ ಆಟಕ್ಕೆ ಮೂತಿಯ ಮೇಲೆ ಟೇಪು ಅಂಟಿಸಿ ಕಲಿಸುವ ರೂಢಿಯಿದೆ. ಬೇಗ ಬರುತ್ತದೆ, ಆದರೆ ಅದು ಕಿರಿಕಿರಿಯಿಂದ ಹುಟ್ಟಿದ ಚಲನೆ. ಕೆಲವು ನಾಯಿಗಳು ಆಮೇಲೆ ಕೈ ಮೂತಿಯ ಹತ್ತಿರ ಬಂದರೆ ತಲೆ ತಿರುಗಿಸುತ್ತವೆ. ಆ ದಾರಿ ಬೇಡ.

ಎರಡೂ ಮುಂಗಾಲನ್ನು ಸ್ಟೂಲಿನ ಮೇಲಿಡುವ ಪಾಠಕ್ಕೆ ಸ್ಟೂಲು ನಾಯಿಯ ಮೊಣಕೈಗಿಂತ ಎತ್ತರ ಇರಬಾರದು, ಅಲುಗಾಡಬಾರದು. ಮರಿಗೆ ಮೂರು ನಾಲ್ಕು ಇಂಚಿನ ಹಲಗೆ ಸಾಕು. ಎಲುಬು ಬೆಳೆಯುವ ತುದಿಗಳು ದೊಡ್ಡ ತಳಿಗಳಲ್ಲಿ ಹನ್ನೆರಡರಿಂದ ಹದಿನೆಂಟು ತಿಂಗಳವರೆಗೆ ಮೆತ್ತಗಿರುತ್ತವೆ, ಅಲ್ಲಿಯವರೆಗೆ ಜಿಗಿತವೂ ಬೇಡ, ಹಿಂಗಾಲಿನ ಮೇಲೆ ನೆಟ್ಟಗೆ ಕೂರಿಸುವುದೂ ಬೇಡ. ಡ್ಯಾಷ್‌ಹಂಡ್‌ನಂಥ ಉದ್ದ ಬೆನ್ನಿನ ನಾಯಿಗೆ ಅದು ಯಾವ ವಯಸ್ಸಿನಲ್ಲೂ ಬೇಡ.

ಕಲಿತ ಮೇಲೆ ಬರುವ ತೊಂದರೆ ಒಂದೇ: ಕಂಡವರಿಗೆಲ್ಲ ಕೈ ಕೊಡುವುದು. ಕೆಸರುಗಾಲನ್ನು ಅಜ್ಜನ ಬಿಳಿ ಪಂಚೆಯ ಮೇಲಿಡುತ್ತದೆ, ಕಾಫಿ ಕುಡಿಯುವವರ ಮೊಣಕೈ ಎಳೆಯುತ್ತದೆ. ಕೇಳದೆ ಕೊಟ್ಟ ಕಾಲಿಗೆ ನಗುವೂ ಬೇಡ, ಬೈಗುಳವೂ ಬೇಡ, ತಿಂಡಿಯಂತೂ ಬೇಡ, ಮುಖ ತಿರುಗಿಸಿ. ಕೇಳಿದಾಗ ಕೊಟ್ಟದ್ದಕ್ಕೆ ಮಾತ್ರ ಚೂರು. ಮನೆಯಲ್ಲಿ ಒಬ್ಬರು ಮುರಿದರೂ ಈ ನಿಯಮ ನಿಲ್ಲುವುದಿಲ್ಲ.

ಈಗ ಆಟವನ್ನು ಆರೈಕೆಗೆ ತಿರುಗಿಸಬೇಕು. ಕಾಲು ಅಂಗೈಗೆ ಬಂದಾಗ ಒಂದು ಸೆಕೆಂಡು ತಡೆದು "ಸೈ". ಆಮೇಲೆ ಎರಡು, ಮೂರು, ಐದು. ಹೆಬ್ಬೆರಳನ್ನು ಅದರ ಅಂಗಾಲಿನ ಮೆತ್ತೆಯ ಮೇಲೆ ಆಡಿಸುವುದು, ಬೆರಳ ಸಂದಿ ಬಿಡಿಸುವುದು, ಒಂದು ಉಗುರನ್ನು ಹಿಡಿಯುವುದು, ನೇಲ್ ಕಟ್ಟರನ್ನು ಪಕ್ಕದಲ್ಲಿಡುವುದು, ಕಟ್ಟರನ್ನು ಉಗುರಿಗೆ ತಾಗಿಸುವುದು, ಒಂದೊಂದೂ ಬೇರೆ ದಿನದ ಪಾಠ. ನಾಯಿ ಕಾಲು ಎಳೆದುಕೊಂಡರೆ ಆ ಕ್ಷಣವೇ ಬಿಟ್ಟುಬಿಡಿ. ಬಿಡುತ್ತಾರೆ ಎಂಬ ಭರವಸೆ ಇರುವ ನಾಯಿಯೇ ಮತ್ತೆ ಕೊಡುವುದು. ಆಕಳಿಕೆ, ತುಟಿ ನೆಕ್ಕುವುದು, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುವುದು ಸಾಕೆಂಬ ಸೂಚನೆಗಳು. ನಿನ್ನೆವರೆಗೆ ಕೊಡುತ್ತಿದ್ದ ಕಾಲನ್ನು ಇವತ್ತು ಕೊಡದಿದ್ದರೆ ಪಾಠ ನಿಲ್ಲಿಸಿ ಕಾಲು ನೋಡಿ, ಮುಳ್ಳೋ ಸೀಳಿದ ಉಗುರೋ ಇರಬಹುದು. ಎಳೆಯ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳಲ್ಲಿ ಮೊಣಕೈ ಕೀಲಿನ ತೊಂದರೆಯೂ ಇರುತ್ತದೆ; ಕುಂಟು ಕಂಡರೆ ಪಶುವೈದ್ಯರಿಗೆ ತೋರಿಸಬೇಕು.

ಇಂಬಳ ಸಿಕ್ಕರೆ ಉಪ್ಪು, ಸುಣ್ಣ, ಹೊಗೆಸೊಪ್ಪು ಹಚ್ಚಬೇಡಿ. ಗಾಯ ಉರಿಯುತ್ತದೆ, ನಾಯಿ ಅದನ್ನೇ ನೆಕ್ಕುತ್ತದೆ, ಒಂದೇ ಸಲದ ಆ ಉರಿ ತಿಂಗಳ ಪಾಠವನ್ನು ಅಳಿಸುತ್ತದೆ. ಇಂಬಳದ ತೆಳ್ಳನೆಯ ತುದಿಯ ಪಕ್ಕದಿಂದ ಚರ್ಮದ ಮೇಲೆ ಉಗುರು ಜಾರಿಸಿದರೆ ಬಾಯಿ ಬಿಡುತ್ತದೆ, ನಂತರ ದಪ್ಪ ತುದಿ. ಸ್ವಲ್ಪ ಹೊತ್ತು ರಕ್ತ ಒಸರುವುದು ಸಹಜ, ಬಟ್ಟೆ ಒತ್ತಿ ಹಿಡಿಯಿರಿ. ಉಣುಗನ್ನು ಚಿಮುಟದಿಂದ ಚರ್ಮಕ್ಕೆ ಅಂಟಿದಂತೆ ಹಿಡಿದು ನೇರ ಎಳೆಯಬೇಕು, ಸೀಮೆಎಣ್ಣೆ ಸುರಿಯಬಾರದು. ಮಳೆಯಲ್ಲಿ ಹೋಗಿಬಂದ ಪ್ರತಿ ಸಲ ಬೆರಳ ಸಂದಿ ಒಣಬಟ್ಟೆಯಿಂದ ಒರೆಸಿ. ಒದ್ದೆ ನಿಂತರೆ ಅಲ್ಲಿ ಸೋಂಕು ಹತ್ತುತ್ತದೆ.

ಕಟ್ಟರನ್ನು ಸಹಿಸದ ನಾಯಿಗೆ ಕೆರೆಯುವ ಹಲಗೆ ಮಾಡಿಕೊಡಿ. ಒಂದಡಿ ಅಗಲ, ಎರಡಡಿ ಉದ್ದದ ಸಿಲ್ವರ್ ಓಕ್ ತುಂಡಿಗೆ 80 ನಂಬರಿನ ಸ್ಯಾಂಡ್‌ಪೇಪರ್ ಅಂಟಿಸಿ, 45 ಡಿಗ್ರಿ ವಾಲಿಸಿ ಮೊಣಕಾಲುಗಳ ನಡುವೆ ಗಟ್ಟಿಯಾಗಿ ಹಿಡಿಯಿರಿ. ಮುಚ್ಚಳದ ಪಾಠ ಬಂದಿದ್ದರೆ ಮುಚ್ಚಳವನ್ನು ಹಲಗೆಯ ಮೇಲಿಟ್ಟು ತೋರಿಸಿ. ಕಾಲು ಬಂದು ಕೆಳಗೆ ಜಾರುವಾಗ ಕರ್ ಎಂಬ ಸದ್ದಿಗೆ "ಸೈ". ಮುಚ್ಚಳ ತೆಗೆದ ಮೇಲೂ ಕೆರೆಯುತ್ತದೆ. ಒಂದು ಕಾಲಿಗೆ ಐದಾರು ಎಳೆತ ಸಾಕು, ಪ್ರತಿ ಸಲ ಮೆತ್ತೆ ಕೆಂಪಾಗಿದೆಯೇ ನೋಡಿ, ಕೆಂಪಾದರೆ ಹಲಗೆ ಚಪ್ಪಟೆಯಾಗಿದೆ ಎಂದರ್ಥ, ಇನ್ನಷ್ಟು ನೆಟ್ಟಗೆ ಮಾಡಿ. ನಡುವಿನ ಎರಡು ಉಗುರು ಚೆನ್ನಾಗಿ ಸವೆಯುತ್ತವೆ, ಅಂಚಿನವು ಕಡಿಮೆ. ಒಳಬದಿಯಲ್ಲಿ ನೆಲಕ್ಕೆ ತಾಗದ ಐದನೆಯ ಉಗುರು ಸವೆಯುವುದೇ ಇಲ್ಲ. ಅದು ಸುತ್ತಿ ಬೆಳೆದು ಚರ್ಮಕ್ಕೆ ಚುಚ್ಚುತ್ತದೆ, ಅದನ್ನು ಕಟ್ಟರಿನಿಂದಲೇ ಮೂರು ನಾಲ್ಕು ವಾರಕ್ಕೊಮ್ಮೆ ತೆಗೆಯಬೇಕು.

ಕಪ್ಪು ಉಗುರಿನಲ್ಲಿ ಒಳಗಿನ ರಕ್ತನಾಳ ಕಾಣುವುದಿಲ್ಲ. ಒಂದು ಮಿಲಿಮೀಟರಿನಂತೆ ತೆಗೆದು, ಕತ್ತರಿಸಿದ ಮುಖದ ನಡುವೆ ಬೂದುಬಣ್ಣದ ಚುಕ್ಕೆ ಕಂಡೊಡನೆ ನಿಲ್ಲಿಸಿ. ರಕ್ತ ಬಂದರೆ ಕಾರ್ನ್‌ಫ್ಲೋರ್ ಒತ್ತಿ ಎರಡು ಮೂರು ನಿಮಿಷ ಬಿಡದೆ ಹಿಡಿಯಿರಿ. ಆ ದಿನ ಉಳಿದ ಉಗುರುಗಳನ್ನು ಮುಟ್ಟಬೇಡಿ. ಮುಂದಿನ ಮೂರು ದಿನ ಕಟ್ಟರ್ ಕಣ್ಣಿಗೂ ಬೀಳದಿರಲಿ. ಬರಿ ಅಂಗೈ ಚಾಚಿ, ಕಾಲು ಬಂದರೆ ಒಂದು ಸೆಕೆಂಡು, ಒಂದು ಚೂರು ಕೋಳಿ, ಅಷ್ಟೇ. ನಾಲ್ಕನೆಯ ದಿನ ಕಟ್ಟರನ್ನು ಪಕ್ಕದಲ್ಲಿಟ್ಟು ಅಲ್ಲಿಂದ ಮತ್ತೆ ಶುರುಮಾಡಿ.